ನಂಬರುಗಳ ನಡುವೆ ಒಂದು ಹೆಸರು

1968ರ ಜನವರಿ 13, ಶನಿವಾರ. ಬೆಳಗಿನ 9 ಗಂಟೆ 40 ನಿಮಿಷ. ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲಿನ ಊಟದ ಸಭಾಂಗಣದಲ್ಲಿ ಸುಮಾರು ಸಾವಿರ ಕೈದಿಗಳು ಸಾಲುಗಟ್ಟಿ ಕುಳಿತಿದ್ದರು. ತಲೆಯ ಮೇಲಿನ ಓಣಿಯಲ್ಲಿ ಕೋವಿ ಹಿಡಿದ ಕಾವಲಿನವರಿದ್ದರು. ಬೇರೆಡೆ ಹಾಡು ಶುರುವಾಗುವ ಮುನ್ನ ಸಭೆಯ ದೀಪ ಆರಿಸುತ್ತಾರೆ. ಇಲ್ಲಿ ಆ ಮಾತೇ ಇಲ್ಲ, ಯಾರ ಕೈ ಎಲ್ಲಿದೆ ಎಂದು ಕಾವಲಿಗೆ ಕಾಣುತ್ತಲೇ ಇರಬೇಕು.

ಕಾರ್ಲ್ ಪರ್ಕಿನ್ಸ್ ಮತ್ತು ಸ್ಟ್ಯಾಟ್ಲರ್ ಬ್ರದರ್ಸ್ ಹಾಡಿ ಸಭೆಯನ್ನು ಬೆಚ್ಚಗೆ ಮಾಡಿದ್ದರು. ಆಮೇಲೆ ರೇಡಿಯೋ ನಿರೂಪಕ ಹ್ಯೂ ಚೆರಿ ವೇದಿಕೆಗೆ ಬಂದು ಕೈದಿಗಳಿಗೆ ಒಂದು ಪಾಠ ಹೇಳಿಕೊಟ್ಟ. ಗಾಯಕ ಬಂದ ಕೂಡಲೇ ಚಪ್ಪಾಳೆ ತಟ್ಟಬೇಡಿ, ಅವನು ತನ್ನ ಹೆಸರು ಹೇಳುವ ತನಕ ತಾಳಿ. ಧ್ವನಿಮುದ್ರಣಕ್ಕೆ ಹಾಗೆ ಬೇಕಿತ್ತು. ಕಪ್ಪು ಉಡುಪಿನ ಎತ್ತರದ ಆಳು ಬಂದು ಮೈಕಿನ ಮುಂದೆ ನಿಂತ. ತಾನು ಜಾನಿ ಕ್ಯಾಶ್ ಎಂದ. ಕಟ್ಟೆ ಒಡೆದಂತೆ ಸದ್ದು ನುಗ್ಗಿತು.

ಆ ಬೆಳಗಿನ ಬಗ್ಗೆ ಬರೆದವರೆಲ್ಲ ಹಾಡಿದವನ ಕಥೆ ಬರೆದಿದ್ದಾರೆ. ಮುಳುಗುತ್ತಿದ್ದ ಗಾಯಕ ಜೈಲಿಗೆ ಹೋಗಿ ಹಾಡಿ ಎದ್ದುಬಂದ ಎಂಬ ಕಥೆ ಅದು. ಸುಳ್ಳೇನಲ್ಲ. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಬೆಂಚುಗಳ ಕಡೆಗೆ, ಅಲ್ಲಿ ಕುಳಿತು ಕೇಳಿದವರ ಕಡೆಗೆ. ಅವರು ಏನು ಕೇಳಿದರು, ಅವರನ್ನು ಯಾರು ಕೇಳಿದರು?

ಕೇಳುವುದೇ ಕೆಲಸವಾಗಿದ್ದವನು

ಫೋಲ್ಸಮ್ ಜೈಲು ಬಾಗಿಲು ತೆರೆದದ್ದು 1880ರಲ್ಲಿ. ಅಮೆರಿಕನ್ ನದಿಯ ದಂಡೆಯ ಗ್ರಾನೈಟ್ ಬಂಡೆಯನ್ನು ಕೈದಿಗಳೇ ಸೀಳಿದರು, ಕೈದಿಗಳೇ ಹೊತ್ತರು, ತಮ್ಮನ್ನು ಕೂಡಿಹಾಕುವ ಗೋಡೆಯನ್ನು ತಾವೇ ಕಟ್ಟಿದರು. 1895ರಿಂದ 1937ರವರೆಗೆ ಅಲ್ಲಿ 93 ಮಂದಿಯನ್ನು ಗಲ್ಲಿಗೇರಿಸಲಾಯಿತು.

ಈ ಜೈಲಿನ ಹೆಸರು ಕ್ಯಾಶ್‌ನ ಕಿವಿಗೆ ಬಿದ್ದದ್ದು ಅಲ್ಲಿಂದ ಸಾವಿರಾರು ಮೈಲಿ ದೂರದ ಪಶ್ಚಿಮ ಜರ್ಮನಿಯಲ್ಲಿ. ಆರ್ಕನ್ಸಾದ ಹತ್ತಿ ಹೊಲಗಳಲ್ಲಿ ಬೆಳೆದ ಹುಡುಗ 1950ರಲ್ಲಿ ವಾಯುಪಡೆ ಸೇರಿ ಲ್ಯಾಂಡ್ಸ್‌ಬರ್ಗ್ ಊರಿನ ನೆಲೆಗೆ ಹೋಗಿದ್ದ. ಅವನ ಕೆಲಸ ಬಂದೂಕಿನದಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸೋವಿಯತ್ ರೇಡಿಯೋದಿಂದ ಹೊಮ್ಮುವ ಮೋರ್ಸ್ ಸಂಕೇತಗಳನ್ನು ಹಿಡಿದು ಬರೆದುಕೊಳ್ಳುವುದು. ಗಂಟೆಗಟ್ಟಲೆ ಕೇಳುವುದೇ ನೌಕರಿ. ಆ ಊರಿಗೂ ಸೆರೆಮನೆಯ ನಂಟಿತ್ತು. 1924ರಲ್ಲಿ ಹಿಟ್ಲರನನ್ನು ಬಂಧಿಸಿಟ್ಟಿದ್ದ ಜೈಲು ಇರುವುದು ಅಲ್ಲೇ.

ಫೋಲ್ಸಮ್ ಜೈಲಿನ ಒಳಗನ್ನು ಕುರಿತ 1951ರ ಸಿನಿಮಾವೊಂದನ್ನು ಕ್ಯಾಶ್ ಅಲ್ಲಿ ನೋಡಿದ. ಅದರ ಗುಂಗಿನಲ್ಲಿ 'ಫೋಲ್ಸಮ್ ಪ್ರಿಸನ್ ಬ್ಲೂಸ್' ಬರೆದ. ರಾಗವೂ ಕೆಲವು ಮಾತುಗಳೂ ಗಾರ್ಡನ್ ಜೆಂಕಿನ್ಸ್ ಎಂಬ ಸಂಯೋಜಕನ ಹಾಡಿನಿಂದ ಬಂದವು, ಮುಂದೆ ಆ ಋಣಕ್ಕೆ ದುಡ್ಡು ತೆರಬೇಕಾಯಿತು. ಆದರೆ ಹಾಡಿನ ಒಳಗಿನ ಮನುಷ್ಯ ಕ್ಯಾಶ್‌ನವನೇ. ಜೈಲಿನಾಚೆ ಹಾಯುವ ರೈಲಿನ ಸದ್ದು ಕೇಳುತ್ತಾ ಕುಳಿತ ಕೈದಿ ಅವನು. ಅವನಿಗೆ ರೈಲು ಕಾಣುವುದಿಲ್ಲ, ಬರೀ ಕೇಳಿಸುತ್ತದೆ. ಹೊರಗಿನ ಲೋಕ ಅವನ ಪಾಲಿಗೆ ಉಳಿದಿರುವುದು ಕಿವಿಯ ಮೂಲಕ ಮಾತ್ರ.

1955ರಲ್ಲಿ ಮೆಂಫಿಸ್‌ನ ಸನ್ ಸಂಸ್ಥೆ ಆ ಹಾಡನ್ನು ಹೊರತಂದಿತು. ಜೈಲುಗಳಿಂದ ಪತ್ರಗಳು ಬರತೊಡಗಿದವು. ನಮ್ಮ ಮಧ್ಯೆ ಇದ್ದು ಹೋದವನೇ ಇದನ್ನು ಬರೆದಿರಬೇಕು ಎಂದು ಕೈದಿಗಳು ನಂಬಿದರು. ಕ್ಯಾಶ್ ತನ್ನ ಜೀವಮಾನದಲ್ಲಿ ಶಿಕ್ಷೆಗೊಳಗಾಗಿ ಜೈಲುವಾಸ ಅನುಭವಿಸಿದವನಲ್ಲ. ಕುಡಿತ, ಮಾತ್ರೆಗಳ ಚಟದಿಂದ ಒಂದೊಂದು ರಾತ್ರಿ ಲಾಕಪ್ಪಿನಲ್ಲಿ ಕಳೆದದ್ದುಂಟು, ಅಷ್ಟೆ. ಆದರೂ ಪತ್ರಗಳು ಬಂದವು, 'ಇಲ್ಲಿಗೆ ಬಂದು ಹಾಡು' ಎಂಬ ಕೋರಿಕೆಯೂ ಬಂತು.

ಒಳಗಿನಿಂದ ಬಂದ ಹಾಡು

ಅಮೆರಿಕದ ಜೈಲುಗಳಿಗೂ ಹಾಡಿಗೂ ಅದಕ್ಕಿಂತ ಹಳೆಯ ಸಂಬಂಧವಿತ್ತು. ನಮ್ಮಲ್ಲಿ ಬೀಸುಕಲ್ಲಿನ ಪದ, ನಾಟಿಯ ಪದ ಇರುವಂತೆ ದಕ್ಷಿಣದ ಜೈಲುಹೊಲಗಳಲ್ಲಿ ಕೊಡಲಿಯ ಪದ, ಗುದ್ದಲಿಯ ಪದಗಳಿದ್ದವು. ಕಪ್ಪು ಕೈದಿಗಳು ಸಾಲಾಗಿ ನಿಂತು ಮರ ಕಡಿಯುವಾಗ ಒಬ್ಬ ಎತ್ತಿಕೊಡುತ್ತಿದ್ದ, ಉಳಿದವರು ಕೊಡಲಿ ಬೀಳುವ ಲಯಕ್ಕೆ ಸೊಲ್ಲು ಸೇರಿಸುತ್ತಿದ್ದರು. ಆ ಲಯ ಮೈಯ ಭಾರ ಹಗುರ ಮಾಡುವುದಷ್ಟೇ ಅಲ್ಲದೆ, ನಿಧಾನವಾದವನು ಒಂಟಿಯಾಗಿ ಮೇಸ್ತ್ರಿಯ ಕಣ್ಣಿಗೆ ಬೀಳದಂತೆ ಕಾಪಾಡುತ್ತಿತ್ತು.

1933ರಲ್ಲಿ ಜಾನ್ ಲೋಮ್ಯಾಕ್ಸ್ ಮತ್ತು ಅವನ ಮಗ ಆಲನ್, ಕಾರಿನಲ್ಲಿ ಧ್ವನಿಮುದ್ರಣ ಯಂತ್ರ ಹೇರಿಕೊಂಡು ಈ ಹಾಡುಗಳನ್ನು ಹುಡುಕುತ್ತಾ ಹೊರಟರು. ಲೂಸಿಯಾನಾದ ಅಂಗೋಲಾ ಜೈಲಿನಲ್ಲಿ ಹನ್ನೆರಡು ತಂತಿಯ ಗಿಟಾರ್ ಹಿಡಿದ ಒಬ್ಬ ಕೈದಿ ಸಿಕ್ಕಿದ. ಹಡ್ಡಿ ಲೆಡ್‌ಬೆಟರ್, ಲೋಕಕ್ಕೆ ಲೆಡ್ ಬೆಲ್ಲಿ. ಅದಕ್ಕೂ ಮೊದಲು ಟೆಕ್ಸಸ್ ಜೈಲಿನಲ್ಲಿದ್ದಾಗ ಅವನು ಗವರ್ನರ್ ಪ್ಯಾಟ್ ನೆಫ್ ಎದುರು ಹಾಡಿದ್ದ, 1925ರಲ್ಲಿ ಆ ಗವರ್ನರ್ ಅವನಿಗೆ ಕ್ಷಮಾದಾನ ಕೊಟ್ಟಿದ್ದ. 1934ರಲ್ಲಿ ಅವನು ಅಂಗೋಲಾದಿಂದಲೂ ಹೊರಬಂದಾಗ, ಈ ಸಲವೂ ಹಾಡೇ ಬಿಡಿಸಿತು ಎಂದು ಪತ್ರಿಕೆಗಳು ಬರೆದವು. ದಫ್ತರದ ಲೆಕ್ಕದಲ್ಲಿ ಅದು ಸನ್ನಡತೆಗೆ ಸಿಕ್ಕ ರಿಯಾಯಿತಿ. ಆದರೆ ಹಾಡು ಜೈಲಿನ ಬೀಗ ತೆಗೆಯುತ್ತದೆ ಎಂಬ ಕಥೆ ಜನರ ಬಾಯಲ್ಲಿ ನಿಂತಿತು. ಆ ಕಥೆ ಫೋಲ್ಸಮ್‌ವರೆಗೂ ಬಂತು, ಮುಂದೆ ಒಬ್ಬನ ಬದುಕಿನ ಮೇಲೂ ಬಿತ್ತು.

ಲೋಮ್ಯಾಕ್ಸರ ಕಾಲದಲ್ಲಿ ಹಾಡು ಒಳಗಿನಿಂದ ಹೊರಗೆ ಬರುತ್ತಿತ್ತು. ಕ್ಯಾಶ್ ಹೊರಗಿನಿಂದ ಒಳಗೆ ಒಯ್ದ. 1957ರಲ್ಲಿ ಟೆಕ್ಸಸ್‌ನ ಹಂಟ್ಸ್‌ವಿಲ್ ಜೈಲಿನಲ್ಲಿ ಮೊದಲ ಕಛೇರಿ. ಮಳೆ ಸುರಿದು ವಿದ್ಯುತ್ ಕೈಕೊಟ್ಟರೂ ಹಾಡು ನಿಲ್ಲಲಿಲ್ಲ. ಆ ದಶಕದ ಕೊನೆಯಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಹೊಸವರ್ಷದ ದಿನದ ಕಛೇರಿ. ಹಿಂದಿನ ರಾತ್ರಿಯ ಮೋಜಿನಲ್ಲಿ ಕ್ಯಾಶ್‌ನ ಗಂಟಲು ಕಟ್ಟಿಹೋಗಿತ್ತು. ದನಿ ಇಲ್ಲದೆಯೂ ಅವನು ಸಭೆಯನ್ನು ಗೆದ್ದದ್ದನ್ನು ಕೈದಿಗಳ ನಡುವೆ ಕುಳಿತು ಒಬ್ಬ ತರುಣ ಕಣ್ಣರಳಿಸಿ ನೋಡುತ್ತಿದ್ದ. ಬೇಕರ್ಸ್‌ಫೀಲ್ಡ್ ಕಡೆಯವನು, ಕಳ್ಳತನಕ್ಕೆ ಬಂದವನು, ಹೆಸರು ಮರ್ಲ್ ಹ್ಯಾಗರ್ಡ್. 1960ರಲ್ಲಿ ಹೊರಬಂದ ಅವನು ಮುಂದೆ ಕಂಟ್ರಿ ಸಂಗೀತದ ದೊಡ್ಡ ಹೆಸರುಗಳಲ್ಲಿ ಒಂದಾದ. ಎಷ್ಟೋ ವರ್ಷಗಳ ಮೇಲೆ, ಆ ದಿನ ನಾನೂ ಅಲ್ಲಿದ್ದೆ ಎಂದು ಕ್ಯಾಶ್‌ಗೆ ಹೇಳಿದಾಗ, ನೀನು ಹಾಡಿದ ನೆನಪಿಲ್ಲವಲ್ಲ ಎಂದನಂತೆ ಕ್ಯಾಶ್. ಹಾಡಿದವರಲ್ಲಿ ಅಲ್ಲ, ಕೇಳಿದವರಲ್ಲಿ ಇದ್ದೆ ಎಂದ ಹ್ಯಾಗರ್ಡ್.

ಹಿಂದಿನ ರಾತ್ರಿಯ ಟೇಪು

ಜೈಲಿನೊಳಗೆ ಆಲ್ಬಂ ಧ್ವನಿಮುದ್ರಿಸಬೇಕೆಂಬುದು ಕ್ಯಾಶ್‌ನ ಬಹುದಿನದ ಆಸೆ. ಆಗ ಅವನ ಹಾಡುಗಳನ್ನು ಹೊರತರುತ್ತಿದ್ದ ಕೊಲಂಬಿಯಾ ಸಂಸ್ಥೆಯವರಿಗೆ ಅದು ರುಚಿಸಿರಲಿಲ್ಲ. 1967ರ ಹೊತ್ತಿಗೆ ಮಾತ್ರೆಗಳ ಚಟ ಅವನನ್ನು ಹಣ್ಣು ಮಾಡಿತ್ತು, ಮಾರಾಟ ಇಳಿದಿತ್ತು. ಆಗ ಅವನ ಹಾಡುಗಳ ಹೊಣೆ ಹೊಸ ನಿರ್ಮಾಪಕ ಬಾಬ್ ಜಾನ್‌ಸ್ಟನ್ ಕೈಗೆ ಬಂತು. ಜಾನ್‌ಸ್ಟನ್ ಮೇಲಿನವರ ಒಪ್ಪಿಗೆಗೆ ಕಾಯುವ ಜಾತಿಯವನಲ್ಲ. ನೇರ ಜೈಲುಗಳಿಗೇ ಫೋನ್ ಮಾಡಿದ. ಫೋಲ್ಸಮ್ ಒಪ್ಪಿತು. ಅಲ್ಲಿಗೆ ಆಗಾಗ ಹೋಗಿ ಕೈದಿಗಳಿಗೆ ಧೈರ್ಯ ಹೇಳುತ್ತಿದ್ದ ಪಾದ್ರಿ ಫ್ಲಾಯ್ಡ್ ಗ್ರೆಸೆಟ್ ಕ್ಯಾಶ್‌ಗೂ ಆಪ್ತ.

ಜನವರಿ 12ರ ಸಂಜೆ ತಂಡ ಸ್ಯಾಕ್ರಮೆಂಟೋದ ಒಂದು ಮೋಟೆಲಿನಲ್ಲಿ ತಾಲೀಮು ನಡೆಸಿತು. ಅಲ್ಲಿಗೇ ಬೇರೆ ಸಮಾರಂಭಕ್ಕೆ ಬಂದಿದ್ದ ಕ್ಯಾಲಿಫೋರ್ನಿಯಾದ ಗವರ್ನರ್ ರೊನಾಲ್ಡ್ ರೇಗನ್ ಒಳಗೆ ಇಣುಕಿ ಹಾರೈಸಿ ಹೋದ. ಆಮೇಲೆ ಗ್ರೆಸೆಟ್ ಒಂದು ಟೇಪು ಹಾಕಿ ಕೇಳಿಸಿದ. ಫೋಲ್ಸಮ್‌ನ ಕೈದಿಯೊಬ್ಬ ಬರೆದು ಹಾಡಿದ್ದ ಹಾಡು, 'ಗ್ರೇಸ್ಟೋನ್ ಚಾಪೆಲ್'. ಜೈಲಿನ ಕಲ್ಲುಕಟ್ಟಡಗಳ ನಡುವಿನ ಪುಟ್ಟ ಪ್ರಾರ್ಥನಾಮಂದಿರವನ್ನು ಕುರಿತದ್ದು. ಬರೆದವನು ಗ್ಲೆನ್ ಶರ್ಲಿ, ಸಶಸ್ತ್ರ ದರೋಡೆಗೆ ಶಿಕ್ಷೆ ಅನುಭವಿಸುತ್ತಿದ್ದವನು. ಹ್ಯಾಗರ್ಡ್‌ನಂತೆಯೇ ಓಕ್ಲಹೋಮಾದಿಂದ ಬದುಕು ಅರಸಿ ಪಶ್ಚಿಮಕ್ಕೆ ಗುಳೆ ಬಂದ ಬಡವರ ಮಗ.

ಕ್ಯಾಶ್ ಹಾಡನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದ. ಹಾಳೆಯ ಮೇಲೆ ಬರೆದುಕೊಂಡ. ಮೋರ್ಸ್ ಸದ್ದನ್ನು ಹಿಡಿದು ಬರೆಯುತ್ತಿದ್ದ ಕೈಯೇ ಅದು. ನಾಳೆ ಇದನ್ನು ಹಾಡುತ್ತೇನೆ ಎಂದು ನಿರ್ಧರಿಸಿದ. ಶರ್ಲಿಗೆ ಸುದ್ದಿ ಹೋಗಲಿಲ್ಲ.

ಅಂಟಿಸಿದ ಹರ್ಷೋದ್ಗಾರ

ಫೋಲ್ಸಮ್‌ನಲ್ಲಿ ಅಂದು ಎರಡು ಕಛೇರಿಗಳು. ಎರಡನೆಯದು ಮಧ್ಯಾಹ್ನ 12 ಗಂಟೆ 40 ನಿಮಿಷಕ್ಕೆ. ಆಲ್ಬಮ್ಮಿನ ಬಹುಪಾಲು ಹಾಡುಗಳು ಬೆಳಗಿನ ಕಛೇರಿಯವು. ಕ್ಯಾಶ್ ಆರಿಸಿಕೊಂಡಿದ್ದ ಹಾಡುಗಳನ್ನು ನೋಡಿದರೆ ಅವನ ಎದೆಗಾರಿಕೆ ತಿಳಿಯುತ್ತದೆ. ಗಲ್ಲಿಗೆ ಉಳಿದ ನಿಮಿಷಗಳನ್ನು ಎಣಿಸುವ ಹಾಡು, ಗೋಡೆ ಹಾರಲು ಹೋಗಿ ಸಾಯುವವನ ಹಾಡು, ತಾಯಿಯ ಚಿತ್ರ ಕಳಿಸು ಎಂದು ಬೇಡುವ ಹಾಡು, ಗಣಿಯ ಕತ್ತಲ ಹಾಡು. ದುಃಖ ಮರೆಸಲು ಬಂದವನ ಆಯ್ಕೆಯಲ್ಲ ಇದು. ನಿಮ್ಮ ದುಃಖ ನನಗೂ ಕಾಣುತ್ತದೆ ಎನ್ನುವವನ ಆಯ್ಕೆ. ಗಾಯಕಿ ಜೂನ್ ಕಾರ್ಟರ್ ಜೊತೆಗೂಡಿದಾಗ ನಗು ಹರಿಯಿತು. ನಡುನಡುವೆ ಧ್ವನಿವರ್ಧಕದಲ್ಲಿ ಕೈದಿಗಳ ನಂಬರು ಕೂಗಿ ಕರೆಯುವ ಪ್ರಕಟಣೆಗಳು ಬಂದವು. ಧ್ವನಿಮುದ್ರಿಕೆಯಲ್ಲಿ ಅವನ್ನೂ ಉಳಿಸಿಕೊಂಡರು. ಹಾಡು ಎಷ್ಟೇ ಎತ್ತರಕ್ಕೆ ಏರಲಿ, ನಾವಿರುವುದು ಎಲ್ಲಿ ಎಂಬುದನ್ನು ಆ ಶುಷ್ಕ ದನಿ ನೆನಪಿಸುತ್ತದೆ.

ಆಲ್ಬಮ್ಮಿನ ಮೊದಲ ಹಾಡೇ 'ಫೋಲ್ಸಮ್ ಪ್ರಿಸನ್ ಬ್ಲೂಸ್'. ಅದರಲ್ಲಿ ಒಂದು ಕಡೆ ಹಾಡಿನ ಕೈದಿ, ರೀನೋ ಊರಿನಲ್ಲಿ ವಿನಾಕಾರಣ ಮಾಡಿದ ಕೊಲೆಯನ್ನು ಒಪ್ಪಿಕೊಳ್ಳುತ್ತಾನೆ. ಆ ಮಾತು ಮುಗಿಯುತ್ತಲೇ ಸಭೆಯಿಂದ ಕೇಕೆ ಏಳುತ್ತದೆ. ಲಕ್ಷಾಂತರ ಕೇಳುಗರು ಆ ಕೇಕೆಗೆ ಬೆಚ್ಚಿದರು, ರೋಮಾಂಚಗೊಂಡರು. ಕೊಲೆಯ ಮಾತಿಗೆ ಹಿಗ್ಗುವ ಜನ ಇವರು ಎಂದುಕೊಂಡರು.

ಆ ಕೇಕೆ ಅಲ್ಲಿ ಎದ್ದದ್ದೇ ಅಲ್ಲ. ಮೂಲ ಟೇಪುಗಳನ್ನು ಪರಿಶೀಲಿಸಿದ ಮೈಕಲ್ ಸ್ಟ್ರೈಸ್‌ಗತ್ 2004ರ ತಮ್ಮ ಪುಸ್ತಕದಲ್ಲಿ ಸಂಗತಿ ಬಯಲಿಗಿಟ್ಟರು. ಬೇರೆಡೆಯ ಹರ್ಷೋದ್ಗಾರವನ್ನು ಕತ್ತರಿಸಿ ತಂದು ಆ ಮಾತಿನ ಬೆನ್ನಿಗೆ ಅಂಟಿಸಲಾಗಿತ್ತು. ನಿಜವಾದ ಸಭೆ ಆ ಮಾತಿಗೆ ಕೇಕೆ ಹಾಕಿರಲಿಲ್ಲ. ಹೇಗೆ ತಾನೇ ಹಾಕೀತು? ಮೇಲೆ ಕೋವಿ, ಸುತ್ತ ಕಾವಲು. ಅಪರಾಧವನ್ನು ಮೆಚ್ಚಿದಂತೆ ಕಂಡರೆ ಆಮೇಲೆ ತೆರಬೇಕಾದ ಬೆಲೆ ಕೈದಿಗಳಿಗೆ ಗೊತ್ತಿತ್ತು. ಜೊತೆಗೆ, ಸಭೆಯಲ್ಲಿದ್ದ ಎಷ್ಟೋ ಮಂದಿ ತಾವು ಮಾಡಿದ ಕೃತ್ಯವನ್ನು ದಿನವೂ ಹೊತ್ತು ಏಳುತ್ತಿದ್ದವರು. ಕೊಲೆಯ ಮಾತು ಹೊರಗಿನವನಿಗೆ ಹಾಡಿನ ಒಂದು ಸಾಲು. ಒಳಗಿನವನಿಗೆ ಅದು ತನ್ನದೇ ತೀರ್ಪಿನ ಪ್ರತಿ.

ಇಡೀ ಆಲ್ಬಮ್ಮಿನಲ್ಲಿ ನನ್ನನ್ನು ಕಾಡುವುದು ಇದೇ. ಸಾವಿರ ಜನರ ಮೌನವನ್ನು ಅಳಿಸಿ ಅಲ್ಲಿ ಅವರದಲ್ಲದ ಸದ್ದು ತುಂಬಿದರು. ಅವರನ್ನು ಕೇಳಲೆಂದೇ ಹೊತ್ತೊಯ್ದ ಯಂತ್ರವೇ ಅವರ ಮೇಲೆ ಒಂದು ಸುಳ್ಳು ಹೊರಿಸಿತು.

ಆದರೆ ಕಛೇರಿಯ ಕೊನೆಯ ಹಾಡಿನ ಹೊತ್ತಿಗೆ ನಡೆದದ್ದನ್ನು ಯಾರೂ ಅಂಟಿಸಬೇಕಾಗಿರಲಿಲ್ಲ. ಮುಂದಿನ ಹಾಡು ಬರೆದವನು ಇದೇ ಜೈಲಿನಲ್ಲಿದ್ದಾನೆ ಎಂದ ಕ್ಯಾಶ್. ಗ್ಲೆನ್ ಶರ್ಲಿ ಎಂದು ಹೆಸರು ಹೇಳಿದ. ಶರ್ಲಿ ಕುಳಿತಿದ್ದದ್ದು ಮುಂದಿನ ಸಾಲಿನಲ್ಲೇ. ಕ್ಯಾಶ್ ಬಾಗಿ ಅವನ ಕೈ ಕುಲುಕಿದ. ನಂಬರಿನಿಂದ ಕರೆಯುವ ಮನೆಯಲ್ಲಿ ಒಬ್ಬನ ಹೆಸರು ಮೈಕಿನಲ್ಲಿ ಮೊಳಗಿತು, ಅದೂ ಅವನು ಮಾಡಿದ ತಪ್ಪಿಗಾಗಿ ಅಲ್ಲ, ಕಟ್ಟಿದ ಹಾಡಿಗಾಗಿ.

ಗೋಡೆಯಾಚೆ

ಆಲ್ಬಂ 1968ರ ಮೇ ತಿಂಗಳಲ್ಲಿ ಹೊರಬಂತು. ಜೂನ್ ಮೊದಲ ವಾರ ರಾಬರ್ಟ್ ಕೆನಡಿಯ ಹತ್ಯೆಯಾಯಿತು. ಕೊಲೆಯ ಮಾತಿರುವ ಹಾಡನ್ನು ರೇಡಿಯೋಗಳು ಕೈಬಿಟ್ಟವು. ಕೊಲಂಬಿಯಾ ಆ ಸಾಲನ್ನೇ ಕತ್ತರಿಸಿ ಮತ್ತೆ ಕಳಿಸಿತು. ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು, ಕ್ಯಾಶ್‌ಗೆ ಗ್ರ್ಯಾಮಿ ತಂದಿತು. 1969ರ ಫೆಬ್ರುವರಿ 24ರಂದು ಅವನು ಮತ್ತೆ ಸ್ಯಾನ್ ಕ್ವೆಂಟಿನ್‌ಗೆ ಹೋದ. ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ ಅದನ್ನು ಚಿತ್ರೀಕರಿಸಿತು. ಆ ಜೈಲನ್ನೇ ಶಪಿಸುವ ಹೊಸ ಹಾಡೊಂದನ್ನು ಅಲ್ಲಿಯೇ ಹಾಡಿದ. ಕೈದಿಗಳು ಬಿಡಲಿಲ್ಲ, ಎರಡನೇ ಸಲ ಹಾಡಿಸಿದರು. ಆ ಗಳಿಗೆಯಲ್ಲಿ ತಾನೊಂದು ಮಾತು ಆಡಿದ್ದರೆ ಜೈಲು ದಂಗೆ ಏಳುತ್ತಿತ್ತು ಎಂದು ಕ್ಯಾಶ್ ಆಮೇಲೆ ನೆನೆದದ್ದುಂಟು.

ಬೇರೆಯವರೂ ಜೈಲಿನ ಬಾಗಿಲು ತಟ್ಟಿದರು. 1970ರ ಸೆಪ್ಟೆಂಬರ್ 10ರಂದು ಷಿಕಾಗೋದ ಕುಕ್ ಕೌಂಟಿ ಜೈಲಿನ ಅಂಗಳದಲ್ಲಿ ಬ್ಲೂಸ್ ದೊರೆ ಬಿ.ಬಿ. ಕಿಂಗ್ ಸುಮಾರು 2,000 ಕೈದಿಗಳೆದುರು ಗಿಟಾರ್ ಮಿಡಿದ. ಬಹುಪಾಲು ಕಪ್ಪು ತರುಣರು. ಎಷ್ಟೋ ಮಂದಿ ಇನ್ನೂ ಅಪರಾಧಿಗಳೆಂದು ತೀರ್ಪಾಗದವರು, ಜಾಮೀನಿಗೆ ದುಡ್ಡಿಲ್ಲದೆ ವಿಚಾರಣೆಗಾಗಿ ಕಾಯುತ್ತಿದ್ದವರು. ಆ ಮುಖಗಳನ್ನು ಕಿಂಗ್ ಮರೆಯಲಿಲ್ಲ. ವಕೀಲ ಎಫ್. ಲೀ ಬೇಲಿಯ ಜೊತೆಗೂಡಿ ಕೈದಿಗಳ ಪುನರ್ವಸತಿಗೆಂದು ಒಂದು ಪ್ರತಿಷ್ಠಾನ ಕಟ್ಟಿದ, ಮುಂದೆ ಹತ್ತಾರು ಜೈಲುಗಳಲ್ಲಿ ನುಡಿಸಿದ. 1971ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಆಟಿಕಾ ಜೈಲಿನ ಕೈದಿಗಳು ತಮ್ಮನ್ನು ಮನುಷ್ಯರಂತೆ ಕಾಣಿರೆಂದು ಬಂಡೆದ್ದರು. ಆ ಘಟನೆಯಲ್ಲಿ 43 ಜನ ಸತ್ತರು, ಬಹುಪಾಲು ಸರ್ಕಾರಿ ಪಡೆಯ ಗುಂಡಿಗೆ. ಜೈಲಿನೊಳಗಿನ ದನಿಯನ್ನು ಕೇಳದೆ ಹೋದರೆ ಏನಾಗುತ್ತದೆ ಎಂದು ದೇಶಕ್ಕೆ ರಕ್ತದಲ್ಲೇ ತಿಳಿಯಿತು.

ಇಬ್ಬರು ಕೇಳುಗರು

ಶರ್ಲಿಯ ಬಿಡುಗಡೆಗೆ ಕ್ಯಾಶ್ ಓಡಾಡಿದ. 1971ರಲ್ಲಿ ಶರ್ಲಿ ಹೊರಬಂದಾಗ ಜೈಲಿನ ಬಾಗಿಲಲ್ಲಿ ಎದುರುಗೊಳ್ಳಲು ಕ್ಯಾಶ್ ನಿಂತಿದ್ದ. ಅಷ್ಟರಲ್ಲಿ ಶರ್ಲಿ ಜೈಲಿನಲ್ಲಿದ್ದುಕೊಂಡೇ ತನ್ನದೊಂದು ಆಲ್ಬಂ ಧ್ವನಿಮುದ್ರಿಸಿದ್ದ, ಅವನ ಹಾಡನ್ನು ಎಡ್ಡಿ ಆರ್ನಲ್ಡ್‌ನಂಥ ಹಿರಿಯ ಗಾಯಕ ಹಾಡಿದ್ದ. ಹಾಡು ಬೀಗ ತೆಗೆಯುತ್ತದೆ ಎಂಬ ಹಳೆಯ ಕಥೆ ಕಣ್ಣೆದುರೇ ನಿಜವಾದಂತಿತ್ತು. ಕ್ಯಾಶ್ ಅವನನ್ನು ತನ್ನ ತಂಡಕ್ಕೆ ಸೇರಿಸಿಕೊಂಡ. 1972ರ ಜುಲೈನಲ್ಲಿ ಇಬ್ಬರೂ ವಾಷಿಂಗ್ಟನ್ನಿಗೆ ಹೋಗಿ ಸೆನೆಟ್ ಉಪಸಮಿತಿಯ ಮುಂದೆ ಜೈಲು ಸುಧಾರಣೆಯ ಪರ ಮಾತಾಡಿದರು. ಮೊದಲ ಸಲ ತಪ್ಪು ಮಾಡಿದ ಹುಡುಗರನ್ನು ಪಳಗಿದ ಅಪರಾಧಿಗಳ ಜೊತೆ ಕೂಡಿಹಾಕಬೇಡಿ, ಹೊರಗಿನ ಬದುಕಿಗೆ ಅಣಿಮಾಡಿ ಕಳಿಸಿ ಎಂಬುದು ಕ್ಯಾಶ್‌ನ ಅರಿಕೆ.

ಹೊರಗಿನ ಬದುಕಿಗೆ ಅಣಿಯಾಗದವನು ಅವನ ಪಕ್ಕದಲ್ಲೇ ಇದ್ದ. ಬಾಲ್ಯದಿಂದಲೂ ಒಂದಲ್ಲ ಒಂದು ಕಟ್ಟಿನೊಳಗೆ ಬೆಳೆದ ಶರ್ಲಿಗೆ ಬಸ್ಸಿನ ವೇಳೆ, ಹೋಟೆಲಿನ ಬೆಳಗು, ಜನರ ನಡುವೆ ಹಗುರವಾಗಿ ಇರುವುದು ಒಗ್ಗಲೇ ಇಲ್ಲ. ತಂಡದ ಮಾರ್ಷಲ್ ಗ್ರಾಂಟ್‌ಗೆ ಅವನು ಒಮ್ಮೆ ಆಡಿದ ಮಾತು ಎಲ್ಲರನ್ನೂ ನಡುಗಿಸಿತು. ನಿನ್ನ ಮೇಲೆ ನನಗೆ ಪ್ರೀತಿಯಿದೆ, ಆದರೂ ನಿನ್ನನ್ನು ಕೊಲ್ಲಬೇಕೆನಿಸುತ್ತದೆ ಎಂಬ ಅರ್ಥದ ಮಾತದು. ಕ್ಯಾಶ್ ಅವನನ್ನು ತಂಡದಿಂದ ಬಿಡಬೇಕಾಯಿತು. ಶರ್ಲಿ ಕ್ಯಾಲಿಫೋರ್ನಿಯಾಕ್ಕೆ ಮರಳಿ ದನಗಳಿಗೆ ಮೇವು ಹಾಕುವ ಕೆಲಸ ಮಾಡಿದ. 1978ರ ಮೇ ತಿಂಗಳಲ್ಲಿ ಗುಂಡು ಹಾರಿಸಿಕೊಂಡು ಜೀವ ಬಿಟ್ಟ. ವಯಸ್ಸು ನಲವತ್ತೆರಡು. ಅಂತ್ಯಸಂಸ್ಕಾರದ ಖರ್ಚನ್ನು ಕ್ಯಾಶ್ ಕೊಟ್ಟ.

ಹ್ಯಾಗರ್ಡ್‌ಗೆ 1972ರಲ್ಲಿ ಪೂರ್ಣ ಕ್ಷಮಾದಾನ ಸಿಕ್ಕಿತು. ಸಹಿ ಮಾಡಿದವನು ತಾಲೀಮಿನ ಕೋಣೆಗೆ ಇಣುಕಿದ್ದ ಅದೇ ರೇಗನ್. ಹ್ಯಾಗರ್ಡ್ 79 ವರ್ಷ ಬಾಳಿದ. ಕೇಳುಗರಾಗಿ ಶುರುವಾದ ಈ ಇಬ್ಬರ ಬದುಕನ್ನು ಪಕ್ಕಪಕ್ಕ ಇಟ್ಟು, ಹಾಡು ಒಬ್ಬನನ್ನು ಉಳಿಸಿತು, ಇನ್ನೊಬ್ಬನನ್ನು ಕೈಬಿಟ್ಟಿತು ಎನ್ನುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಹಾಡು ತನ್ನ ಪಾಲಿನ ಕೆಲಸ ಇಬ್ಬರಿಗೂ ಮಾಡಿತು. ನೀನೂ ಒಬ್ಬ ಮನುಷ್ಯ ಎಂದು ಹೇಳಿತು. ಆ ಮಾತು ಹೇಳಿದ ಮೇಲೆ ಉಳಿಯುವುದು ಊರಿನ ಪಾಲಿನ ಕೆಲಸ. ಕೂಲಿ, ಮನೆ, ಮನಸ್ಸಿನ ಗಾಯಕ್ಕೆ ಮದ್ದು, ತಪ್ಪಿ ನಡೆದರೆ ಹಿಡಿದು ನಿಲ್ಲಿಸುವ ನೆರೆಹೊರೆ. ಇಷ್ಟನ್ನೆಲ್ಲ ಒಬ್ಬ ಗಾಯಕನ ಹೆಗಲಿಗೆ ಹೊರಿಸಿ ದೇಶ ಚಪ್ಪಾಳೆ ತಟ್ಟಿತು. ಕ್ಯಾಶ್ ಸೆನೆಟ್‌ನಲ್ಲಿ ಮಾತಾಡಿದ ವರ್ಷ ಅಮೆರಿಕದ ರಾಜ್ಯ ಮತ್ತು ಫೆಡರಲ್ ಜೈಲುಗಳಲ್ಲಿ ಸುಮಾರು 2 ಲಕ್ಷ ಕೈದಿಗಳಿದ್ದರು. 2009ರ ಹೊತ್ತಿಗೆ ಅವರ ಸಂಖ್ಯೆ 16 ಲಕ್ಷವನ್ನು ಮುಟ್ಟಿತು. ಜೈಲಿನ ಹಾಡನ್ನು ಕೊಂಡು ಕೇಳಿದ ನಾಡು ಕೈದಿಯ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ಕ್ಯಾಶ್ ಜೈಲುಗಳಲ್ಲಿ ಸುಮಾರು ಮೂವತ್ತು ಕಛೇರಿ ನಡೆಸಿದ, ಅದಕ್ಕೆ ಸಂಭಾವನೆ ಪಡೆಯಲಿಲ್ಲ. ಸಾಮಾನ್ಯವಾಗಿ ಮೊದಲು ತನ್ನ ಹೆಸರು ಹೇಳಿಯೇ ಶುರುಮಾಡುತ್ತಿದ್ದ. ಆ ಹೆಸರು ಎಲ್ಲರಿಗೂ ಗೊತ್ತಿದ್ದದ್ದೇ. ಫೋಲ್ಸಮ್‌ನ ಬೆಳಗನ್ನು ನಾನು ನೆನೆಯುವುದು ಅವನು ಹೇಳಿದ ಇನ್ನೊಂದು ಹೆಸರಿಗಾಗಿ. ಅದನ್ನು ಹೇಳಲು ಅವನು ಹಿಂದಿನ ರಾತ್ರಿ ನಿದ್ದೆಗೆಟ್ಟು ಕುಳಿತು ಒಬ್ಬ ಕೈದಿಯ ದನಿಯನ್ನು ಪದ ಪದವಾಗಿ ಕೇಳಿಸಿಕೊಳ್ಳಬೇಕಾಯಿತು. ಕಛೇರಿ ನಿಜಕ್ಕೂ ಶುರುವಾದದ್ದು ಆ ಟೇಪಿನ ಮುಂದೆ, ಕ್ಯಾಶ್ ಇನ್ನೂ ಒಂದು ಸಾಲೂ ಹಾಡದೆ ಕೇಳುತ್ತಾ ಕುಳಿತಿದ್ದಾಗ.